‘ಸರ್, ಯಾವ ಸಾಫ್ಟ್‌ವೇರ್ ತರಿಸಬೇಕು?’

ಹೋದ ಶ್ರಾವಣದಲ್ಲಿ ಒಂದು ಶನಿವಾರ ಸವಣೂರಿನ ಕಡೆಯಿಂದ ಒಬ್ಬ ತಂದೆ ಫೋನ್ ಮಾಡಿದರು. ಮಗನಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ. ಪಿಯುಸಿ ಮುಗಿಸಿ ಬಿ.ಎ. ಸೇರಿದ್ದಾನೆ, ಐಚ್ಛಿಕ ಕನ್ನಡ ಮತ್ತು ಇತಿಹಾಸ ತೆಗೆದುಕೊಂಡಿದ್ದಾನೆ. ‘ಸರ್, ಎಮ್ಮೆ ಮಾರಿದ ದುಡ್ಡು ಕೈಯಲ್ಲಿದೆ. ಯಾವ ಸಾಫ್ಟ್‌ವೇರ್ ತರಿಸಬೇಕು ಎಂದು ಹೇಳಿಬಿಡಿ, ನಾಳೆಯೇ ಹುಬ್ಬಳ್ಳಿಗೆ ಹೋಗಿ ತರುತ್ತೇನೆ’ ಎಂದರು.

‘ದುಡ್ಡು ಹಾಗೇ ಇರಲಿ ಯಜಮಾನರೇ. ಸೋಮವಾರ ಹುಡುಗನನ್ನು ಕರೆದುಕೊಂಡು ಬನ್ನಿ. ಅವನ ಫೋನು, ಕಾಲೇಜಿನಲ್ಲಿ ಕೊಟ್ಟ ನೋಟ್ಸು, ಪಠ್ಯಪುಸ್ತಕ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ’ ಎಂದೆ.

ನಾನು ಹುಟ್ಟಿನಿಂದಲೂ ಕಣ್ಣು ಕಾಣದವನು. ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಾ ಹದಿನಾಲ್ಕು ವರ್ಷಗಳಾದವು. ಬ್ರೈಲ್‌ನಲ್ಲಿ ಅಕ್ಷರ ಕಲಿತೆ. ಹಾಸ್ಟೆಲಿನ ಗೆಳೆಯರು ಓದಿ ಹೇಳಿದ್ದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಎಂ.ಎ. ಮುಗಿಸಿದೆ. ಈಗ ಬೆಳಗಿನ ಪತ್ರಿಕೆಯಿಂದ ಹಿಡಿದು ವಿದ್ಯಾರ್ಥಿಗಳ ಕಿರುಪ್ರಬಂಧದವರೆಗೆ ಎಲ್ಲವನ್ನೂ ಕಂಪ್ಯೂಟರಿನ ಧ್ವನಿಯಲ್ಲಿ ಕೇಳಿಯೇ ಓದುತ್ತೇನೆ. ಸುತ್ತಲಿನ ನಾಲ್ಕಾರು ತಾಲ್ಲೂಕುಗಳಿಂದ ಇಂಥ ಕರೆಗಳು ನನಗೆ ಬರುವುದು ಇದೇ ಕಾರಣಕ್ಕೆ.

ಸಾಫ್ಟ್‌ವೇರ್ ಮೊದಲು ಕೊಂಡು, ಅದು ಯಾರಿಗೆ ಎಂದು ಆಮೇಲೆ ಯೋಚಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡವನು. ಹಿಂದೆ ನಾನಿದ್ದ ಕಾಲೇಜಿಗೆ ವಿಕಲಚೇತನ ವಿದ್ಯಾರ್ಥಿಗಳ ಹೆಸರಿನಲ್ಲಿ ಅನುದಾನ ಬಂದಿತ್ತು. ಮಾರ್ಚ್ 31ರೊಳಗೆ ಖರ್ಚಾಗಬೇಕಿತ್ತು. ಮಾರಾಟಗಾರರು ಬಂದು ಇಂಗ್ಲಿಷ್ ಪಾಠವೊಂದನ್ನು ಓದಿಸಿ ತೋರಿಸಿದರು. ಧ್ವನಿ ಸೊಗಸಾಗಿತ್ತು, ಎಲ್ಲರೂ ತಲೆದೂಗಿದರು. ಖರೀದಿ ಸಮಿತಿಯಲ್ಲಿ ನಾನೂ ಇದ್ದೆ. ‘ಒಂದು ಪುಟ ಕನ್ನಡ ಓದಿಸಿ’ ಎಂದು ಕೇಳಬೇಕಾದವನು ನಾನೇ ಆಗಿದ್ದೆ. ಕೇಳದೆ ಸಹಿ ಹಾಕಿದೆ. ಆ ವರ್ಷ ನಮ್ಮಲ್ಲಿದ್ದ ಮೂವರು ಅಂಧ ವಿದ್ಯಾರ್ಥಿಗಳೂ ಕನ್ನಡ ಮಾಧ್ಯಮದವರು. ಆ ಪೆಟ್ಟಿಗೆ ಕನ್ನಡದ ಒಂದು ಅಕ್ಷರವನ್ನೂ ಓದಲಿಲ್ಲ. ಬೀರುವಿನೊಳಗೆ ಇದ್ದಂತೆಯೇ ಅದರ ಪರವಾನಗಿಯ ಅವಧಿ ಮುಗಿಯಿತು. ಆ ಮೂವರೂ ಗೆಳೆಯರ ಬಾಯಿಂದ ಪಾಠ ಕೇಳಿಯೇ ಪದವಿ ಮುಗಿಸಿದರು. ಈ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸೋಮವಾರ ಹನ್ನೊಂದರ ಹೊತ್ತಿಗೆ ತಂದೆ ಮಗ ಇಬ್ಬರೂ ಬಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬವರು 2006ರಲ್ಲಿ ಆರಂಭಿಸಿದ ಸ್ಕ್ರೀನ್ ರೀಡರ್ ಅದು, ಎಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಅವರೂ ಅವರೊಂದಿಗೆ ಸೇರಿದ ಜೇಮ್ಸ್ ಟೆಹ್ ಅವರೂ ಕಣ್ಣು ಕಾಣದವರೇ. ದುಡ್ಡು ಇಲ್ಲದ ಕಾರಣಕ್ಕೆ ಯಾರೂ ಕಂಪ್ಯೂಟರಿನಿಂದ ದೂರ ಉಳಿಯಬಾರದು ಎಂದು ಅದನ್ನು ಉಚಿತವಾಗಿಯೇ ಹಂಚುತ್ತಾ ಬಂದಿದ್ದಾರೆ. ಅದರ ಜೊತೆಯಲ್ಲೇ ಬರುವ ಇಸ್ಪೀಕ್ ಎಂಬ ಧ್ವನಿಗೆ ಕನ್ನಡ ಗೊತ್ತು.

ಹುಡುಗನ ಪೆನ್‌ಡ್ರೈವ್‌ನಲ್ಲಿದ್ದ ನೋಟ್ಸ್ ತೆರೆದೆ. ಕೋಣೆಯಲ್ಲಿ ಒಂದು ವಿಚಿತ್ರ ಗದ್ದಲ ಎದ್ದಿತು. ಯಾವ ಭಾಷೆಯದೂ ಅಲ್ಲದ ತೊದಲು. ಬಾಣದ ಕೀಲಿ ಒತ್ತಿ ಮೊದಲ ಪದವನ್ನು ಒಂದೊಂದೇ ಅಕ್ಷರವಾಗಿ ಓದಿಸಿದೆ. ಪಿ. ಎ ಗ್ರೇವ್. ಪೌಂಡ್. ಮತ್ತೆ ಎ ಗ್ರೇವ್. ಜರ್ಮನ್ನರ ಬರಹದಲ್ಲಿ ಬರುವ ಒಂದು ಅಕ್ಷರ. ಕ್ಯೂ. ಕೊನೆಗೆ ಇನ್ನೊಂದು ಎ ಗ್ರೇವ್. ಏಳು ಗುರುತುಗಳು. ನನಗೆ ಇದು ಬಾಯಿಪಾಠ. ಪರದೆಯ ಮೇಲೆ ಅಲ್ಲಿ ಕಾಣುವ ಪದ ‘ಕನ್ನಡ’.

‘ಸರ್, ನನ್ನ ಫೋನಿನಲ್ಲೂ ಹೀಗೆಯೇ ಓದುತ್ತದೆ. ಫೋನು ಕೆಟ್ಟಿದೆ ಎಂದುಕೊಂಡಿದ್ದೆ’ ಎಂದ ಹುಡುಗ. ಎರಡು ತಿಂಗಳಿಂದ ಹಾಗೆಯೇ ಅಂದುಕೊಂಡು ಸುಮ್ಮನಿದ್ದಾನೆ!

ಕೆಟ್ಟಿದ್ದು ಫೋನಲ್ಲ, ಕಡತ. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಒಂದು ಉಪಾಯ ಮಾಡಿದ್ದರು. ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡ ಅಕ್ಷರಗಳ ಚಿತ್ರದ ತುಂಡುಗಳನ್ನು ಕೂರಿಸಿದ್ದರು. ಇದನ್ನೇ ನಾವು ಆಸ್ಕಿ ಎನ್ನುತ್ತೇವೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ, ನಾಡಿನ ಅಚ್ಚಿನ ಮನೆಗಳು ಅದರಿಂದಲೇ ನಡೆದವು. ಆದರೆ ಅದು ಕಣ್ಣಿಗೆ ಮಾತ್ರ ಕನ್ನಡ, ಯಂತ್ರದ ಪಾಲಿಗೆ ಅಲ್ಲ. ಯುನಿಕೋಡ್ ಬಂದ ಮೇಲೆ ಕನ್ನಡಕ್ಕೇ 128 ಸ್ಥಾನಗಳು ಸಿಕ್ಕಿವೆ, ‘ಕ’ ಎಂದರೆ ಜಗತ್ತಿನ ಎಲ್ಲ ಯಂತ್ರಗಳಿಗೂ ‘ಕ’ವೇ. ಆದರೂ ನಮ್ಮ ಅಧ್ಯಾಪಕರ ಹಳೆಯ ನೋಟ್ಸು, ಪ್ರಶ್ನೆಪತ್ರಿಕೆ, ಪ್ರಕಾಶಕರ ಪೇಜ್‌ಮೇಕರ್ ಕಡತಗಳು ಇನ್ನೂ ಆಸ್ಕಿಯಲ್ಲೇ ಉಳಿದಿವೆ. ಲಕ್ಷ ರೂಪಾಯಿಯ ಸಾಫ್ಟ್‌ವೇರ್ ತಂದರೂ ಅದು ಇವುಗಳನ್ನು ಓದುವುದಿಲ್ಲ.

ಹಾಗಾಗಿ ನನ್ನ ಸಹೋದ್ಯೋಗಿಗಳಲ್ಲಿ ಕೈಮುಗಿದು ಕೇಳುತ್ತೇನೆ: ನಿಮ್ಮ ನೋಟ್ಸಿನ ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಅಲ್ಲಿ ಕನ್ನಡವಾಗಿಯೇ ಉಳಿದರೆ ಸರಿ. ಇಂಗ್ಲಿಷ್ ಅಕ್ಷರಗಳ ರಾಶಿ ಬಿದ್ದರೆ ಅದು ಆಸ್ಕಿ. ಅದನ್ನು ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ, ಒಂದು ಪಾಠಕ್ಕೆ ಎರಡು ನಿಮಿಷವೂ ಬೇಡ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವವರು ಯುನಿಕೋಡ್ ಆಯ್ಕೆ ಮಾಡಿಕೊಂಡರೆ ಬೆರಳಿನ ಅಭ್ಯಾಸವನ್ನೂ ಬದಲಿಸಬೇಕಾಗಿಲ್ಲ. ಇನ್ನೊಂದು ಸಣ್ಣ ಮಾತು. ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಒತ್ತುವ ರೂಢಿ ಅನೇಕರಿಗಿದೆ. ಕಣ್ಣಿಗೆ ಎರಡೂ ಒಂದೇ. ‘ಸಂಧಿ’ಯಲ್ಲಿ ಅಂಥ ಸೊನ್ನೆ ಕೂತರೆ ಪದ ನಡುವೆ ಒಡೆದು, ಅಲ್ಲೊಂದು ಅಂಕಿ ನನ್ನ ಕಿವಿಗೆ ಬೀಳುತ್ತದೆ. ವ್ಯಾಕರಣದ ಪಾಠದಲ್ಲಿ ಪುಟಕ್ಕೆ ಇಪ್ಪತ್ತು ಸಲ ಹೀಗಾದರೆ ಅರ್ಥ ಹಿಡಿಯುವುದು ಹೇಗೆ?

ಹುಡುಗನ ನೋಟ್ಸನ್ನು ಅಲ್ಲಿಯೇ ಬದಲಿಸಿ ಮತ್ತೆ ಓದಿಸಿದೆ. ಈ ಸಲ ಕನ್ನಡ ಬಂತು. ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ ಸದ್ದು ಕೇಳಿಸಿತು. ತಂದೆ ಮಾತ್ರ, ‘ಧ್ವನಿ ಬಹಳ ಒರಟಾಗಿದೆಯಲ್ಲ ಸರ್’ ಎಂದರು.

ಒರಟು ಹೌದು. ಇಸ್ಪೀಕ್ ಮನುಷ್ಯರ ಧ್ವನಿಯನ್ನು ತುಂಬಿಸಿಕೊಂಡದ್ದಲ್ಲ, ಲೆಕ್ಕದಿಂದ ಹುಟ್ಟಿಸಿದ ಧ್ವನಿ. ಮೊದಲ ವಾರ ಯಾರಿಗೂ ಹಿಡಿಸುವುದಿಲ್ಲ. ಆದರೆ ಕೀಲಿ ಒತ್ತಿದ ಕ್ಷಣವೇ ಉತ್ತರ ಕೊಡುತ್ತದೆ, ಇಂಟರ್‌ನೆಟ್ ಕೇಳುವುದಿಲ್ಲ, ವೇಗ ಎಷ್ಟು ಏರಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಮನುಷ್ಯರಂತೆ ಮಾತನಾಡುವ ಇಂಪಾದ ಧ್ವನಿಗಳನ್ನು ಆ ವೇಗಕ್ಕೆ ಏರಿಸಿದರೆ ನನ್ನ ಕಿವಿಗೆ ಬರೀ ಗುಂಯ್‌ಗುಡುತ್ತವೆ. ಪರೀಕ್ಷೆಯ ಹಿಂದಿನ ದಿನ ಇನ್ನೂರು ಪುಟ ತಿರುವಿ ಹಾಕಬೇಕಾದವನಿಗೆ ಇಂಪಿಗಿಂತ ವೇಗ ಮುಖ್ಯ. ಹುಡುಗನಿಗೆ ಹೇಳಿದೆ: ‘ನಿಧಾನದಿಂದ ಶುರು ಮಾಡು. ವಾರಕ್ಕೊಮ್ಮೆ ಒಂದು ಮೆಟ್ಟಿಲು ಏರಿಸು. ದೀಪಾವಳಿಯ ಹೊತ್ತಿಗೆ ನಿನ್ನ ತಂಗಿ ಪಕ್ಕದಲ್ಲಿ ಕೂತು ಕೇಳಿದರೆ ಒಂದು ಪದವೂ ತಿಳಿಯದಿರಬೇಕು, ನಿನಗೆ ಎಲ್ಲವೂ ತಿಳಿಯಬೇಕು.’

ಜಾಸ್ ಕೊಳ್ಳಬೇಕೇ ಎಂದು ಅನೇಕರು ಕೇಳುತ್ತಾರೆ. ಅದು ಹಳೆಯ, ಗಟ್ಟಿಯಾದ ಸ್ಕ್ರೀನ್ ರೀಡರ್. ಕೆಲವು ಕಚೇರಿಗಳ ತಂತ್ರಾಂಶಗಳೊಂದಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಬೆಲೆ ಹೆಚ್ಚು. ದುಡ್ಡು ಕೊಡದೆ ಬಳಸಿದರೆ 40 ನಿಮಿಷಕ್ಕೊಮ್ಮೆ ಕಂಪ್ಯೂಟರನ್ನೇ ಮರುಚಾಲನೆ ಮಾಡಬೇಕು. ಬ್ಯಾಂಕ್ ಕೆಲಸಕ್ಕೆ ಹೋಗುವ ಹಂತದಲ್ಲಿ ಕಲಿತರೆ ಸಾಕು. ಪದವಿಯ ಮೂರು ವರ್ಷಕ್ಕೆ ಎನ್‌ವಿಡಿಎ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಪೆನ್‌ಡ್ರೈವ್‌ನಲ್ಲೇ ಇಟ್ಟುಕೊಂಡು ಕಾಲೇಜಿನ ಯಾವ ಕಂಪ್ಯೂಟರಿಗಾದರೂ ಚುಚ್ಚಿ ಓಡಿಸಬಹುದು. ‘ಇಲ್ಲಿ ಏನನ್ನೂ ಅನುಸ್ಥಾಪಿಸುವಂತಿಲ್ಲ’ ಎಂದು ಪ್ರಯೋಗಾಲಯದವರು ಬಾಗಿಲಲ್ಲೇ ನಿಲ್ಲಿಸಿದಾಗ ಈ ಒಂದು ಗುಣ ನನ್ನ ಎಷ್ಟೋ ವಿದ್ಯಾರ್ಥಿಗಳನ್ನು ಕಾಪಾಡಿದೆ. ಸರ್ಕಾರದಿಂದ ಬರುವ ಟಾಕಿಂಗ್ ಲ್ಯಾಪ್‌ಟಾಪ್ ಎಂದರೂ ಸ್ಕ್ರೀನ್ ರೀಡರ್ ಹಾಕಿದ ಸಾಮಾನ್ಯ ಲ್ಯಾಪ್‌ಟಾಪೇ. ಅರ್ಜಿ ಹಾಕಿ ಕಾಯುತ್ತಾ ಓದು ನಿಲ್ಲಿಸಬೇಡಿ. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನಿನಲ್ಲಿರುವ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಸಾಕು.

ಪುಸ್ತಕದ ಕಥೆ ಬೇರೆ. ಅಚ್ಚಾದ ಪುಟವನ್ನು ಫೋಟೋ ತೆಗೆದು ಪಿಡಿಎಫ್ ಮಾಡಿ ಕಳುಹಿಸುತ್ತಾರೆ. ಅದು ನಮಗೆ ಬರೀ ಖಾಲಿ ಹಾಳೆ. ಅದರಿಂದ ಅಕ್ಷರ ಬಿಡಿಸಿಕೊಳ್ಳಲು ಓಸಿಆರ್ ಬೇಕು. ಫೋಟೋವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ‘ಲಿಪಿ ಜ್ಞಾನಿ’ ಎಂಬ ಕನ್ನಡ ಓಸಿಆರ್ ರೂಪುಗೊಂಡಿದೆ. ಹೊಸ ಗದ್ಯವನ್ನು ಇವು ಚೆನ್ನಾಗಿಯೇ ಬಿಡಿಸುತ್ತವೆ. ಎಡವುವುದು ಸವೆದ ಅಚ್ಚಿನಲ್ಲಿ. ಅರ್ಕಾವತ್ತು ಒಂಬತ್ತರ ಅಂಕಿಯಾಗುತ್ತದೆ, ‘ಮ’ ಹೋಗಿ ‘ಯ’ ಆಗುತ್ತದೆ. ಹಳಗನ್ನಡ ಪದ್ಯದ ಱ ಮತ್ತು ೞ ಬಂದರಂತೂ ಸಾಲೇ ದಿಕ್ಕು ತಪ್ಪುತ್ತದೆ. ಐಚ್ಛಿಕ ಕನ್ನಡದವರಿಗೆ ಹಳಗನ್ನಡದ ಭಾಗವನ್ನು ಯಾರಾದರೂ ಕೂತು ಟೈಪ್ ಮಾಡಿಕೊಡಲೇಬೇಕು, ಬೇರೆ ದಾರಿ ಕಂಡಿಲ್ಲ. ನಮ್ಮಲ್ಲಿ ಎನ್‌ಎಸ್‌ಎಸ್ ಮಕ್ಕಳು ಆ ಕೆಲಸ ಮಾಡುತ್ತಾರೆ. ಆ ಮಕ್ಕಳ ಹಳಗನ್ನಡವೂ ಅದರಿಂದ ಸುಧಾರಿಸಿದ್ದನ್ನು ನಾನು ಗಮನಿಸಿದ್ದೇನೆ.

ಪುಸ್ತಕ ಸ್ಕ್ಯಾನ್ ಮಾಡಿಕೊಡಿ ಎಂದರೆ ‘ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆ’ ಎಂದು ಹಿಂಜರಿಯುವವರಿದ್ದಾರೆ. ಹೆದರಬೇಕಾಗಿಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅಚ್ಚು ಓದಲಾಗದವರಿಗಾಗಿ ಓದಬಲ್ಲ ರೂಪದ ಪ್ರತಿ ಮಾಡಲು ಅವಕಾಶವಾಗಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಈಗಾಗಲೇ ಸಿದ್ಧವಾಗಿರುವ ಪುಸ್ತಕಗಳು 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸಿಗುತ್ತವೆ. ಸ್ಕ್ಯಾನರ್ ಮುಂದೆ ಕೂರುವ ಮೊದಲು ಅಲ್ಲಿ ಒಮ್ಮೆ ಹುಡುಕಿ.

ಇನ್ನು ಬರವಣಿಗೆ. ಹುಡುಗನ ಎರಡೂ ತೋರುಬೆರಳುಗಳನ್ನು ಹಿಡಿದು ಕೀಲಿಮಣೆಯ ಮೇಲೆ ಇಟ್ಟೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಗೆರೆಗಳಿರುತ್ತವೆ. ಕಣ್ಣಿದ್ದವರು ಅವನ್ನು ಗಮನಿಸಿರಲಿಕ್ಕಿಲ್ಲ, ನಮಗೆ ಅವೇ ಊರಿನ ಗಡಿಕಲ್ಲು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿ ಇದೇ ಎಫ್. ಎಡಗೈ ತೋರುಬೆರಳು ವಿಶ್ರಾಂತಿಗೆ ಕೂರುವ ಜಾಗದಲ್ಲೇ ಒತ್ತಕ್ಷರದ ಬೀಗದ ಕೈ! ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಒತ್ತು. ಹುಡುಗ ಒಂದು ಸಲ ತಪ್ಪಿದ, ಎರಡನೆಯ ಸಲ ಸರಿಯಾಗಿ ಒತ್ತಿದ. ಯಂತ್ರ ‘ಕನ್ನಡ’ ಎಂದಿತು. ಅದುವರೆಗೆ ಮಾತನಾಡುತ್ತಲೇ ಇದ್ದ ಅವನ ತಂದೆ ಸುಮ್ಮನಾದರು.

ಕೇಳಿ ಓದುವುದರಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಕಿವಿಗೆ ಕಾಗುಣಿತ ಗೊತ್ತಾಗುವುದಿಲ್ಲ. ‘ಶ’ವೋ ‘ಷ’ವೋ, ‘ಬ’ವೋ ‘ಭ’ವೋ ಎಂಬುದು ವೇಗದ ಓದಿನಲ್ಲಿ ಜಾರಿಹೋಗುತ್ತದೆ. ಮೊಬೈಲ್ ಬಂದ ಮೇಲೆ ಬ್ರೈಲ್ ಬಿಟ್ಟ ಹುಡುಗರು ಚೆಂದವಾಗಿ ಮಾತನಾಡುತ್ತಾರೆ, ಬರೆಯಲು ಕೂತರೆ ಪದಕ್ಕೊಂದು ತಪ್ಪು. ಭಾಷೆಯನ್ನೇ ಮುಖ್ಯವಾಗಿ ಓದುವವರು ಬ್ರೈಲ್ ಬಿಡಬಾರದು ಎಂದು ನಾನು ಹಟ ಹಿಡಿಯುತ್ತೇನೆ. ಬೆರಳಿನಡಿ ಚುಕ್ಕಿಗಳು ಎದ್ದು ಇಳಿಯುವ ಆರ್ಬಿಟ್ ರೀಡರ್‌ನಂಥ ಸಾಧನ ಯಾರಾದರೂ ದಾನಿಗಳಿಂದ ಸಿಕ್ಕಿದರೆ ಬಹಳ ಒಳ್ಳೆಯದು, ಅದು ಎನ್‌ವಿಡಿಎಗೂ ಜೋಡಿಯಾಗುತ್ತದೆ. ಸಿಗದಿದ್ದರೆ ಕೈಯಿಂದ ಬ್ರೈಲ್ ಚುಕ್ಕಿ ಒತ್ತುವ ಸ್ಲೇಟು ಮತ್ತು ಸ್ಟೈಲಸ್ಸೇ ಸಾಕು. ದಿನಕ್ಕೆ ಒಂದು ಪುಟ.

ಇಷ್ಟು ಹೇಳಿದ್ದು ಕಣ್ಣು ಕಾಣದವರ ಮಾತು. ನನಗೆ ಒಗ್ಗಿದ್ದೇ ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ನಂಬಿದ್ದ ಕಾಲವೂ ಇತ್ತು. ಆ ನಂಬಿಕೆಯನ್ನು ಮುರಿದವಳು ನಮ್ಮ ಬಿ.ಕಾಂ. ವಿದ್ಯಾರ್ಥಿನಿ. ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿದರೂ ಮೊದಲು ಉತ್ತರಿಸುತ್ತಿದ್ದಳು, ಉತ್ತರಪತ್ರಿಕೆಯಲ್ಲಿ ಮಾತ್ರ ಅರ್ಧ ಪುಟ ದಾಟುತ್ತಿರಲಿಲ್ಲ. ಅದು ಡಿಸ್‌ಲೆಕ್ಸಿಯಾ, ಎಂದರೆ ಓದು ಬರಹವನ್ನು ಕಷ್ಟವಾಗಿಸುವ ಕಲಿಕಾ ನ್ಯೂನತೆ, ಎಂದು ಪತ್ತೆಯಾದದ್ದು ಪಿಯುಸಿಯ ನಂತರ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅವಳ ಅಕ್ಕನ ವಯಸ್ಸಿನವರನ್ನು ನಾವು ‘ಸೋಮಾರಿ’ ಎಂದು ಕರೆದು ಮನೆಗೆ ಕಳುಹಿಸಿಬಿಟ್ಟಿದ್ದೇವೆ.

ಅವಳಿಗೂ ಎನ್‌ವಿಡಿಎ ಹಾಕಿಕೊಟ್ಟೆ. ಮೂರನೆಯ ದಿನ ಬಂದು, ‘ಸರ್, ತಲೆ ನೋಯುತ್ತದೆ, ಇದು ಸುಮ್ಮನಿರುವುದೇ ಇಲ್ಲ’ ಎಂದಳು. ಹೌದು, ಸ್ಕ್ರೀನ್ ರೀಡರ್ ಪರದೆಯ ಮೇಲಿನ ಪ್ರತಿ ಗುಂಡಿ, ಪ್ರತಿ ಪಟ್ಟಿಯನ್ನೂ ಹೇಳುತ್ತದೆ. ನನಗೆ ಅದು ಬೇಕು. ಅವಳಿಗೆ ಪರದೆ ಕಾಣುತ್ತದೆ, ಬೇಕಾದದ್ದು ಪಾಠ ಮಾತ್ರ. ಅವಳು ಸಾಲಿನ ಕೆಳಗೆ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಓದುತ್ತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ಸ್ಕೇಲ್ ನಿಲ್ಲುತ್ತಿತ್ತು, ಮೇಜಿಗೆ ಅದು ತಾಗುವ ಸದ್ದಿನಿಂದಲೇ ನನಗೆ ಗೊತ್ತಾಗುತ್ತಿತ್ತು. ‘ರಾಷ್ಟ್ರೀಕರಣ’ದಂಥ ಪದದ ಮುಂದೆ ಅರ್ಧ ನಿಮಿಷ.

ಕೊನೆಗೆ ಒಗ್ಗಿದ್ದು ಎಡ್ಜ್ ಬ್ರೌಸರಿನಲ್ಲಿರುವ ಗಟ್ಟಿಯಾಗಿ ಓದುವ ಸೌಲಭ್ಯ. ಅದರಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ, ಇಂಟರ್‌ನೆಟ್ ಇದ್ದರೆ ಉಚಿತ. ಓದುತ್ತಿರುವ ಪದಕ್ಕೆ ಪರದೆಯ ಮೇಲೆ ಬಣ್ಣ ಬರುತ್ತದೆ, ಕಿವಿ ಮತ್ತು ಕಣ್ಣು ಒಂದೇ ಪದದ ಮೇಲೆ ನಿಲ್ಲುತ್ತವೆ. ಅದೇ ಬ್ರೌಸರಿನ ಇಮ್ಮರ್ಸಿವ್ ರೀಡರ್‌ನಲ್ಲಿ ಒಂದೋ ಮೂರೋ ಸಾಲು ಮಾತ್ರ ಬೆಳಗಿ ಉಳಿದದ್ದು ಮಬ್ಬಾಗುವಂತೆ ಮಾಡಬಹುದು. ಸ್ಕೇಲ್ ಕಂಪಾಸ್ ಪೆಟ್ಟಿಗೆಗೆ ಮರಳಿತು. ನಾನು ‘ನಿಧಾನ’ ಎಂದು ಬಿಟ್ಟುಬಿಡುವ ಇಂಪಾದ ಧ್ವನಿಯೇ ಅವಳಿಗೆ ಬೇಕಾಗಿತ್ತು. ಡಿಸ್‌ಲೆಕ್ಸಿಯಾ ಇರುವವರಿಗೆಂದೇ ಮಾಡಿದ ಇಂಗ್ಲಿಷ್ ಅಕ್ಷರಶೈಲಿಗಳನ್ನು ಯಾರೋ ಸೂಚಿಸಿದ್ದರು. ಅವುಗಳಲ್ಲಿ ಕನ್ನಡವೇ ಇಲ್ಲ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಅಕ್ಷರ ದೊಡ್ಡದು ಮಾಡಿದ್ದೇ ಅವಳಿಗೆ ಹೆಚ್ಚು ನೆರವಾಯಿತು.

ಬರೆಯಲು ಧ್ವನಿ ಟೈಪಿಂಗ್. ಗೂಗಲ್ ಡಾಕ್ಸ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅಕ್ಷರ ಮೂಡುತ್ತದೆ. ಪೂರ್ಣವಿರಾಮ ಮೂಡುವುದಿಲ್ಲ, ಒಂದು ಪುಟವೇ ಒಂದು ವಾಕ್ಯ. ಮನೆಯ ಮಾತಿನಲ್ಲಿ ಹೇಳಿದರೆ ತಪ್ಪು ಪದಗಳು ಬರುತ್ತವೆ, ಪುಸ್ತಕದ ಕನ್ನಡದಲ್ಲಿ ಬಿಡಿಬಿಡಿಯಾಗಿ ಹೇಳಬೇಕು. ಇದಕ್ಕಿಂತ ದೊಡ್ಡ ತೊಡಕೊಂದು ಎದುರಾಯಿತು. ಹೇಳಲು ಜಾಗವೇ ಇಲ್ಲ! ಗ್ರಂಥಾಲಯದಲ್ಲಿ ಮಾತನಾಡುವಂತಿಲ್ಲ, ಹಾಸ್ಟೆಲಿನ ಕೋಣೆಯಲ್ಲಿ ಆರು ಜನ. ಈಗ ಗ್ರಂಥಾಲಯದ ಹಿಂದಿನ ಬೇವಿನ ಮರದ ಕೆಳಗೆ ಅವಳಿಗೊಂದು ಕಲ್ಲುಬೆಂಚು ಇದೆ. ಮಧ್ಯಾಹ್ನ ಅತ್ತ ಹೋದಾಗ ವ್ಯವಹಾರ ಅಧ್ಯಯನದ ಉತ್ತರಗಳು ನನ್ನ ಕಿವಿಗೆ ಬೀಳುತ್ತವೆ. ‘ತಂಗಿ, ಮೊದಲು ಮನಸ್ಸಿನಲ್ಲಿ ವಾಕ್ಯ ಮುಗಿಸು, ಆಮೇಲೆ ಹೇಳು’ ಎಂದಿದ್ದೆ. ಹಾಗೆ ಹೇಳುವುದನ್ನು ರೂಢಿ ಮಾಡಿಕೊಂಡ ಮೇಲೆ ಅವಳ ಬರವಣಿಗೆ ನನ್ನ ಇತರ ವಿದ್ಯಾರ್ಥಿಗಳದ್ದಕ್ಕಿಂತ ಅಚ್ಚುಕಟ್ಟಾಗಿದೆ.

ಪರೀಕ್ಷೆಯ ಮಾತನ್ನು ವರ್ಷದ ಆರಂಭದಲ್ಲೇ ಆಡಬೇಕು. ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯದ ಜೊತೆಗೆ, ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಆಯ್ಕೆಯನ್ನೂ, ಆ ಕಂಪ್ಯೂಟರನ್ನು ಒಂದು ದಿನ ಮೊದಲೇ ಪರೀಕ್ಷಿಸಿ ನೋಡುವ ಅವಕಾಶವನ್ನೂ ಹೇಳಿತ್ತು. ಬಹಳಷ್ಟು ಮಕ್ಕಳು ಬರೆದುಕೊಡುವವರನ್ನೇ ನೆಚ್ಚಿಕೊಳ್ಳುತ್ತಾರೆ, ಏಕೆಂದರೆ ಮೂರು ವರ್ಷವೂ ಅವರಿಗೆ ಕೀಲಿಮಣೆ ಮುಟ್ಟಿಸಿದವರಿಲ್ಲ. ತನ್ನ ಉತ್ತರವನ್ನು ತಾನೇ ಬರೆದು ಬರುವ ಸಂತೋಷ ಏನೆಂದು ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ, ಒಂದು ಇಲಾಖಾ ಪರೀಕ್ಷೆಯಲ್ಲಿ. ಇವರಿಗೆ ಅಷ್ಟು ತಡವಾಗಬಾರದು.

ಸವಣೂರಿನ ತಂದೆ ಹೊರಡುವಾಗ, ‘ಹಾಗಾದರೆ ಸಾಫ್ಟ್‌ವೇರಿಗೆ ಎಷ್ಟಾಯಿತು ಸರ್?’ ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದರು. ಒಂದು ಒಳ್ಳೆಯ ಹೆಡ್‌ಫೋನ್ ಮತ್ತು ಗಟ್ಟಿಯಾದ ಕೀಲಿಮಣೆ ಕೊಡಿಸಿ, ಹಳೆಯ ಲ್ಯಾಪ್‌ಟಾಪ್ ಒಂದನ್ನು ನಾನೇ ನೋಡಿ ಹೇಳುತ್ತೇನೆ ಎಂದೆ. ಹುಡುಗನ ಅಧ್ಯಾಪಕರಿಗೂ ಫೋನ್ ಮಾಡಿ ಆಸ್ಕಿಯ ವಿಷಯ ತಿಳಿಸಿದೆ. ಅವರು ಪಾಪ, ಹೀಗಾಗುತ್ತದೆಂದು ಗೊತ್ತೇ ಇರಲಿಲ್ಲ ಎಂದು ಬಹಳ ನೊಂದುಕೊಂಡರು. ಮರುದಿನವೇ ಹನ್ನೊಂದು ಪಾಠಗಳನ್ನು ಬದಲಿಸಿ ಕಳುಹಿಸಿದರು.

ಮೂರು ವಾರದ ಮೇಲೆ ರಾತ್ರಿ ಹತ್ತಕ್ಕೆ ಹುಡುಗನಿಂದ ಒಂದು ಕಡತ ಬಂತು. ಹನ್ನೆರಡು ಸಾಲು, ತನ್ನ ಊರಿನ ಕೆರೆಯ ಬಗ್ಗೆ. ‘ಕೆಳಗೆ’ ಎಂಬಲ್ಲಿ ‘ಕೆಲಗೆ’ ಎಂದಿತ್ತು, ಎರಡು ಕಡೆ. ಅಷ್ಟನ್ನು ಹೇಳಿ ಉತ್ತರಿಸಿದೆ. ಹತ್ತೂವರೆಗೆ ತಿದ್ದಿದ ಪ್ರತಿ ಮತ್ತೆ ಬಂತು, ಈ ಸಲ ಹದಿನಾಲ್ಕು ಸಾಲು.